ಬಲಗಡೆಯ ಅಕ್ಷರಗಳು

"ಅಕ್ಕಾರು ನನ್ನ ಮ್ಯಾಲೆ ಸಿಟ್ಟ ಮಾಡ್ಯಾರ್ರಿ," ಎಂದಳು ಶಂಕ್ರವ್ವ. "ನಾ ಈ ಕಡೆ ಕುಂತ್ರ ಕಣ್ಣೆತ್ತಿ ಸುದ್ದಾ ನೋಡೂದಿಲ್ಲ. ಆ ಕಡೆ ಹೋಗಿ ಕುಂತ್ರ ಕೈ ಹಿಡಕೋತಾರ. ಯಾಕ ಹಿಂಗ ಮಾಡ್ತಾರ?"

ಹೊರಡಲೆಂದು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದ ಸಬ್ ಇನ್ಸ್‌ಪೆಕ್ಟರ್ ಫರ್ಜಾನಾ ನದಾಫ ಹಾಗೇ ನಿಂತಳು.

"ಯಾವ ಕಡೆ ಕುಂತ್ರ ನೋಡೂದಿಲ್ಲ?"

"ಇಲ್ಲೇ. ಬಲಗಡೆ."

ರೋಣದ ಆ ಸಣ್ಣ ಖಾಸಗಿ ದವಾಖಾನೆಯ ಕೋಣೆಯಲ್ಲಿ ಹಸಿ ಗೋಡೆಯ ವಾಸನೆ ಇತ್ತು. ವಾರದಿಂದ ಬಿಸಿಲು ಬಿದ್ದಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು.

ಮಂಚದ ಮೇಲೆ ರೇಷ್ಮಾ ಮಲಗಿದ್ದಳು. ಗಜೇಂದ್ರಗಡದಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದವಳು, ಓಣಿಗೆಲ್ಲ ಅಕ್ಕಾರು. ಹತ್ತು ದಿನದ ಹಿಂದೆ ಅಲ್ಲಿಯ ಕೋಟೆಗುಡ್ಡದ ಮೆಟ್ಟಿಲುಗಳ ಮೇಲಿಂದ ಯಾರೋ ಅವಳನ್ನು ನೂಕಿದ್ದರು. ಈಗ ತಲೆಗೆ ಬ್ಯಾಂಡೇಜು, ಕುತ್ತಿಗೆಗೆ ಅಲುಗಾಡದ ಪಟ್ಟಿ, ಗಂಟಲಲ್ಲಿ ಕೊಳವೆ. ಮಾತಿಲ್ಲ. ಬಲಗೈ, ಬಲಗಾಲು ಸತ್ತಂತೆ ಬಿದ್ದಿದ್ದವು. ಹೇಳುವುದಿದ್ದರೆ ಎಡಗೈಯ ಒಂದು ಬೆರಳಿನಿಂದ ಹೇಳಬೇಕು.

ಅವಳು ಬಿದ್ದ ಸಂಜೆಯಿಂದಲೇ ಶಂಕ್ರವ್ವನ ಮಗಳು ದೇವಿಕಾ ಕಾಣೆಯಾಗಿದ್ದಳು.

ಶಂಕ್ರವ್ವ ನೇಕಾರಳು. ಗಂಡ ಸತ್ತ ಮೇಲೆ ಕೈಮಗ್ಗವೊಂದರಿಂದ ಬದುಕಿದವಳು. ಮಕ್ಕಳಿಲ್ಲದ ರೇಷ್ಮಾ ಪಕ್ಕದ ಮನೆಯ ದೇವಿಕಾಳನ್ನು ಚಿಕ್ಕವಳಿದ್ದಾಗಲೇ ಹಚ್ಚಿಕೊಂಡಳು. ಊಟ ಹಾಕಿದಳು, ಓದಿಸಿದಳು, ಕೊನೆಗೆ ತನ್ನ ಟ್ಯೂಷನ್ನಿನಲ್ಲೇ ಪಾಠಕ್ಕೆ ನಿಲ್ಲಿಸಿದಳು. ಮಗಳು ಕಾಣೆಯಾದ ಮೇಲೆ ಶಂಕ್ರವ್ವ ಮನೆಯಲ್ಲಿ ಕೂರಲಾಗದೆ ಇಲ್ಲಿ ಬಂದು ರೇಷ್ಮಾಳ ಸೇವೆಗೆ ನಿಂತಿದ್ದಳು.

ಫರ್ಜಾನಾ ಕಿಟಕಿಯ ಕಟ್ಟೆಯಿಂದ ಸ್ಟೀಲಿನ ಲೋಟ ತೆಗೆದುಕೊಂಡು ಮಂಚದ ಎಡಕ್ಕೆ ಹೋದಳು. ಲೋಟವನ್ನು ರೇಷ್ಮಾಳ ಕಣ್ಣೆದುರು ಹಿಡಿದು ಮೆಲ್ಲಗೆ ಬಲಕ್ಕೆ ಸರಿಸಿದಳು.

ರೇಷ್ಮಾಳ ಕಣ್ಣುಗಳು ಲೋಟದ ಹಿಂದೆ ಬಂದವು. ಮೂಗಿನ ನೇರ ದಾಟುತ್ತಲೇ ನಿಂತವು. ಲೋಟ ಅಲ್ಲೇ ಮಾಯವಾಯಿತೇನೋ ಎಂಬಂತೆ ಅವಳು ಖಾಲಿ ಗಾಳಿಯನ್ನು ನೋಡುತ್ತಿದ್ದಳು.

"ಸಿಟ್ಟಲ್ಲ, ಶಂಕ್ರವ್ವ," ಎಂದಳು ಫರ್ಜಾನಾ. "ನೀವು ಬಲಗಡೆ ಕುಂತಾಗ ಇವರಿಗೆ ಕಾಣೂದ ಇಲ್ಲ."

ಕರೆಸಿಕೊಂಡ ಡಾಕ್ಟರು ಟಾರ್ಚು ಹಾಕಿ ನೋಡಿದರು. "ಮಿದುಳಿನ ಎಡಗಡೆ ಪೆಟ್ಟಾದ್ರ ಹಿಂಗ ಆಗೂದುಂಟ್ರಿ. ಎರಡೂ ಕಣ್ಣಿಗೆ ಬಲಗಡೆ ಅರ್ಧ ಹೋಗಿರತದ. ಹೋಗೇದ ಅನ್ನೂದು ಅವರಿಗೇ ತಿಳಿದಿರೂದಿಲ್ಲ. ಕುತ್ತಿಗಿ ಹೊಳ್ಳಿಸಾಕೂ ಬರೂದಿಲ್ಲಲ್ಲ."

ಫರ್ಜಾನಾಳ ನೋಟ ಗೋಡೆಗೆ ಒರಗಿಸಿದ್ದ ರಟ್ಟಿನ ಮೇಲೆ ಹೋಯಿತು. ಮಕ್ಕಳಿಗೆ ಕಲಿಸುವ ಎಬಿಸಿಡಿ ತಕ್ತೆ. ಪೇಟೆಯಲ್ಲಿ ಸಿಕ್ಕಿದ್ದನ್ನು ತಂದು ಇಟ್ಟಿದ್ದರು. ಸಾಲಿಗೆ ಆರು ಅಕ್ಷರ. ಎ, ಬಿ, ಸಿ ಎಡಕ್ಕೆ. ಡಿ, ಇ, ಎಫ್ ಬಲಕ್ಕೆ.

ಅವಳು ಹತ್ತಿರ ಹೋಗಿ ತಕ್ತೆಯನ್ನು ಕೈಗೆತ್ತಿಕೊಂಡಳು.

ಹಿಂದಿನ ಸಲ ಇದೇ ತಕ್ತೆಯನ್ನು ರೇಷ್ಮಾಳ ಮುಂದೆ ಹಿಡಿದು ಅವಳು ಕೇಳಿದ್ದು ಒಂದೇ ಪ್ರಶ್ನೆ. ದೇವಿಕಾ ಎಲ್ಲಿ? ಬೆರಳು ತೋರಿಸಿದ್ದು ನಾಲ್ಕು ಅಕ್ಷರ. ಜಿ, ಓ, ಓ, ಎನ್. ಗೂನ್. ಗೂಂಡಾ.

ಆಮೇಲೆ ರೇಷ್ಮಾಳಿಗೆ ಜ್ವರ ಏರಿತು. ಡಾಕ್ಟರು ಯಾರನ್ನೂ ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಆ ಒಂದು ಶಬ್ದ ಹೇಗೋ ಊರಿಗೆ ಸೋರಿತ್ತು. ಗಜೇಂದ್ರಗಡದಲ್ಲಿ ಗೂಂಡಾ ಎಂದರೆ ಜನಕ್ಕೆ ನೆನಪಾಗುವುದು ಶಿವನಪ್ಪ. ಹಿಂದೊಮ್ಮೆ ಹೊಡೆದಾಟ ಮಾಡಿ ಜೈಲು ಕಂಡು ಬಂದವನು, ಈಗ ಬಸ್‌ಸ್ಟ್ಯಾಂಡಿನ ಎದುರು ಹಣ್ಣಿನ ಗಾಡಿ ಇಟ್ಟುಕೊಂಡವನು. ಅವನನ್ನು ವಿಚಾರಿಸಿ ಬಿಟ್ಟು ಕಳಿಸಿದ ದಿನವೇ ಜನ ಅವನನ್ನು ಗಾಡಿಯ ಪಕ್ಕದಲ್ಲೇ ಕೆಡವಿಕೊಂಡು ಬಡಿದರು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು.

ಎಲ್ಲಿ ಎಂದು ಕೇಳಿದರೆ ಗೂಂಡಾ ಎಂದು ಯಾರಾದರೂ ಉತ್ತರ ಕೊಡುತ್ತಾರೆಯೇ? ಇಂಗ್ಲಿಷ್ ಕಲಿಸುವ ರೇಷ್ಮಾಳಂಥವಳು?

"ರಾಯಣ್ಣಾರ, ಆವತ್ತ ನೀವ ತಕ್ತೆ ಹಿಡಿದಿದ್ರಿ," ಎಂದಳು ಅವಳು ಹೊರಗೆ ಬಂದು. "ಬೆರಳ ಹ್ಯಾಂಗ ಆಡ್ತು, ನೆನಪ ಮಾಡ್ಕೋರಿ."

ಹೆಡ್ ಕಾನ್‌ಸ್ಟೇಬಲ್ ರಾಯಣ್ಣ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕಣ್ಣು ಮುಚ್ಚಿ ನಿಂತ.

"ಜಿ ತೋರಿಸಿದ್ರು. ಓ ತೋರಿಸಿದ್ರು. ಆಮ್ಯಾಲೆ ಸ್ವಲ್ಪ ಹೊತ್ತ ಬೆರಳ ಸುಮ್ನ ತಿರಗ್ಯಾಡ್ತು. ದಣಿದಾರ ಅನ್ಕೊಂಡೆ. ಮತ್ತ ಓ ತೋರಿಸಿದ್ರು. ಮತ್ತ ಹಂಗ ತಿರಗ್ಯಾಡ್ತು. ಕಡೀಕ ಎನ್."

"ದಣಿದಿರಲಿಲ್ಲ. ಹುಡುಕಾಕತ್ತಿದ್ರು. ಬೇಕಾದ ಅಕ್ಷರ ಬಲಗಡೆ ಇತ್ತು, ಅವರಿಗೆ ಕಾಣಲಿಲ್ಲ. ಬಿಟ್ಟು ಮುಂದ ಹೋದ್ರು."

"ಅಂದ್ರ ಶಬ್ದ ಗೂನ್ ಅಲ್ರಿ?"

"ಅಲ್ಲ. ಜಿ, ಓ, ಓ, ಎನ್ ಇರೂವಂಥಾ ಬ್ಯಾರೆ ಶಬ್ದ. ದೊಡ್ಡದು."

ರೇಷ್ಮಾಳ ಟ್ಯೂಷನ್ನಿನ ಮಕ್ಕಳು ಫರ್ಜಾನಾಗೆ ಹೇಳಿದ್ದರು. ಪಾಠ ಮುಗಿದ ಮೇಲೆ ದಿನಾ ಒಂದು ಆಟ. ಅಕ್ಕಾರು ಬೋರ್ಡಿನ ಮೇಲೆ ನಾಲ್ಕು ಅಕ್ಷರ ಬರೆಯುತ್ತಿದ್ದರು. ಆ ನಾಲ್ಕೂ ಇರುವ ಶಬ್ದ ಹುಡುಕಬೇಕು. ದೇವಿಕಾಳ ಮುಂದೆ ಯಾರೂ ಗೆಲ್ಲುತ್ತಿರಲಿಲ್ಲವಂತೆ. ಈಗ ಆ ಆಟ ಇಲ್ಲಿ, ದವಾಖಾನೆಯ ಮೆಟ್ಟಿಲ ಮೇಲೆ, ಮಳೆಯ ಹನಿ ಮುಖಕ್ಕೆ ಸಿಡಿಯುತ್ತಿರುವಾಗ ಫರ್ಜಾನಾಳ ಪಾಲಿಗೆ ಬಂದಿತ್ತು.

"ಡ್ರ್ಯಾಗನ್," ಎಂದ ರಾಯಣ್ಣ. "ನನ್ನ ಮೊಮ್ಮಗ ಅದನ್ನ ನೋಡ್ತಿರತಾನ."

"ಅದರಾಗ ಓ ಒಂದ ಐತಿ. ಮತ್ತ ಎ ಐತಿ. ಎ ಎಡಗಡೆ ಇರೂದು, ಇದ್ದಿದ್ರ ತೋರಸ್ತಿದ್ರು."

"ಲಗೂನ್?"

"ಅದರಾಗೂ ಎ."

ಕಾಣುವ ಅಕ್ಷರ ಯಾವುದೂ ಸೇರಬಾರದು. ಸೇರಬೇಕಾದದ್ದು ಕಾಣದ ಬಲಗಡೆಯಿಂದ ಮಾತ್ರ. ಮೊದಲ ಓ ಆದ ಮೇಲೆ ಒಂದು ಜಾಗ, ಎರಡನೇ ಓ ಆದ ಮೇಲೆ ಒಂದು ಜಾಗ. ಫರ್ಜಾನಾ ಬಲಗಡೆಯ ಅಕ್ಷರಗಳನ್ನು ಒಂದೊಂದಾಗಿ ಮೊದಲ ಜಾಗದಲ್ಲಿ ಇಡತೊಡಗಿದಳು. ಜಿ, ಓ, ಡಿ. ಮತ್ತೆ ಓ.

ಮುಂದಿನದನ್ನು ಹುಡುಕಬೇಕಾಗಲಿಲ್ಲ. ಡಬ್ಲ್ಯೂ, ಎನ್.

"ಗೋಡೌನ್," ಎಂದಳು.

ರಾಯಣ್ಣ ಜೀಪಿನ ಕೀಲಿಕೈ ತೆಗೆದ.

* * *

ರೇಷ್ಮಾಳ ಗಂಡ ಕನಕರಾಜ ನರಗುಂದದ ಕಾಳಿನ ವ್ಯಾಪಾರಿ. ವಾರದ ಬಹುಪಾಲು ದಿನ ಅಲ್ಲೇ ಇರುತ್ತಿದ್ದ. ಅವನ ಮನೆ, ಅಂಗಡಿ ಎರಡನ್ನೂ ಫರ್ಜಾನಾ ಆಗಲೇ ಶೋಧಿಸಿದ್ದಳು. ಅಲ್ಲಿಯ ಗುಡ್ಡದ ಬುಡದ ಹಳೆಯ ಗೋಡೌನಿನಲ್ಲಿ ಹುಳಕ್ಕೆ ಔಷಧ ಇಟ್ಟು ಮುಚ್ಚಿದ್ದೇನೆ, ತಿಂಗಳು ತೆಗೆಯುವಂತಿಲ್ಲ ಎಂದು ಅವನೇ ಹೇಳಿದ್ದ. ಅವಳು ನಂಬಿದ್ದಳು.

ದಾರಿಯುದ್ದಕ್ಕೂ ಎರೆಮಣ್ಣಿನ ಹೊಲಗಳಲ್ಲಿ ನೀರು ನಿಂತಿತ್ತು. ಕಾಲುವೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನರಗುಂದದ ಗುಡ್ಡದ ತಲೆ ಮೋಡದೊಳಗೆ ಹೋಗಿ, ಕೋಟೆ ಕಾಣಿಸುತ್ತಿರಲಿಲ್ಲ.

ಫೋನಿನಲ್ಲಿ ಬರಹೇಳಿದ್ದರಿಂದ ಕನಕರಾಜ ಕೊಡೆ ಹಿಡಿದು ಗೋಡೌನಿನ ಮುಂದೆ ಕಾದಿದ್ದ. ಐವತ್ತರ ಆಸುಪಾಸು, ಬಿಳಿ ಅಂಗಿ, ವಾರದಿಂದ ಕ್ಷೌರ ಕಾಣದ ಗಡ್ಡ.

"ಹೇಳಿದ್ನೆಲ್ರಿ ಮೇಡಂ. ಒಳಗ ಗ್ಯಾಸಿನ ಗುಳಗಿ ಅದಾವ. ಬಾಗಲಾ ತಗದ್ರ ಉಸರ ಕಟ್ಟಿ ಸಾಯ್ತೀರಿ."

ಫರ್ಜಾನಾ ಮೇಲೆ ನೋಡಿದಳು. ಬಾಗಿಲ ಮೇಲಿನ ಕಿಂಡಿಯಿಂದ ಗುಬ್ಬಿಯೊಂದು ಹೊರಬಂದು ತಗಡಿನ ಅಂಚಿಗೆ ಕೂತಿತು. ಇನ್ನೊಂದು ಗುಬ್ಬಿ ಕೊಕ್ಕಿನಲ್ಲಿ ಹುಲ್ಲುಕಡ್ಡಿ ಹಿಡಿದು ಒಳಗೆ ಹೋಯಿತು.

"ಔಷಧ ಇಟ್ಟಲ್ಲಿ ಗುಬ್ಬಿ ಗೂಡ ಕಟ್ಟತಾವೇನ್ರಿ, ಕನಕರಾಜ?"

ಅವನು ಮೇಲೆ ನೋಡಲಿಲ್ಲ. ಕೊಡೆ ಒಂದಿಷ್ಟು ವಾಲಿ ಹೆಗಲು ತೋಯತೊಡಗಿತು.

"ಕೀಲಿ ಕೊಡ್ರಿ."

ಒಳಗೆ ಕಡಲೆಯ ಚೀಲಗಳು ಛಾವಣಿಯವರೆಗೆ ಏರಿದ್ದವು. ಧೂಳು, ಗೋಣಿಯ ವಾಸನೆ. ವಿಷದ ವಾಸನೆ ಇರಲಿಲ್ಲ. ಹಿಂದಿನ ಮೂಲೆಯಲ್ಲಿ ಮರದ ಅಟ್ಟ, ಅದಕ್ಕೊಂದು ಏಣಿ. ಫರ್ಜಾನಾ ಹತ್ತಿದಳು.

ಹಾಸಿದ ಕೌದಿ. ನೀರಿನ ಬಾಟಲಿ. ತೊಳೆದು ಬೋರಲು ಹಾಕಿದ ಊಟದ ಡಬ್ಬಿ. ಬಾಚಣಿಗೆಯಲ್ಲಿ ಉದ್ದನೆಯ ಕೂದಲು. ಕಟ್ಟಿಹಾಕಿದ ಹಗ್ಗವಿಲ್ಲ, ಒದ್ದಾಡಿದ ಗುರುತಿಲ್ಲ. ಇಲ್ಲಿದ್ದವಳು ಹೋಗುವ ಮೊದಲು ಕಸ ಗುಡಿಸಿ ಹೋಗಿದ್ದಳು.

ಕೌದಿಯ ಕೆಳಗೆ ಒಂದು ಬಟ್ಟೆಯ ತುಂಡು ಸಿಕ್ಕಿತು. ನವಿಲು ಬಣ್ಣ, ಕೆಂಪು ಅಂಚು. ರೇಷ್ಮಾ ಬಿದ್ದಾಗ ಉಟ್ಟಿದ್ದ ಸೀರೆಯ ಸೆರಗು ಹರಿದಿತ್ತು. ಆ ತುಂಡಿಗಾಗಿ ಪೊಲೀಸರು ಗಜೇಂದ್ರಗಡದ ಗುಡ್ಡವನ್ನೆಲ್ಲ ಹುಡುಕಿದ್ದರು. ಯಾರೋ ಅದನ್ನು ಗಟ್ಟಿಯಾಗಿ ಹಿಡಿದಿದ್ದರು ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಈಗ ಅದನ್ನು ಒಗೆದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟಿದ್ದರು.

ಅವಳು ಕೆಳಗಿಳಿದು ಅದನ್ನು ಕನಕರಾಜನ ಮುಂದೆ ಹಿಡಿದಳು.

"ಇದು ನಿಮ್ಮ ಹೆಂಡ್ತಿ ಸೀರಿ. ಅಟ್ಟದ ಮ್ಯಾಲೆ ಇದ್ದಾಕಿ ದೇವಿಕಾ. ಹೌದಲ್ಲ?"

ಕನಕರಾಜ ಚೀಲವೊಂದರ ಮೇಲೆ ಕುಸಿದು ಕೂತ.

"ಸಣ್ಣಾಕಿದ್ದಾಗಿಂದ ಅಕೀಗೆ ಈ ಅಟ್ಟ ಅಂದ್ರ ಜೀವರಿ. ಸೂಟಿಯೊಳಗ ನಮ್ಮ ಕೂಡ ನರಗುಂದಕ್ಕ ಬಂದ್ರ ಪುಸ್ತಕ ತಗೊಂಡ ಇಲ್ಲೇ ಕೂಡ್ತಿದ್ಳು. ಸಿಟ್ಟ ಬಂದ್ರೂ ಇಲ್ಲೇ. ರೇಷ್ಮಾ ಬಂದು ಏಣಿ ಕೆಳಗ ನಿಂತು ರಮಿಸಿ ಕರ್ಕೊಂಡ ಹೋಗ್ತಿದ್ಳು."

"ಆವತ್ತ ಏನಾತು?"

"ಕತ್ತಲಾದ ಮ್ಯಾಲೆ ಬಂದ್ಳು. ಮೈಯೆಲ್ಲಾ ನಡಗತಿತ್ತು. ಕಾಕಾ, ಅಕ್ಕಾರನ್ನ ಯಾರೋ ನೂಕಿದ್ರು, ನಾ ನೋಡಿಬಿಟ್ಟೆ, ನನ್ನೂ ಉಳಸೂದಿಲ್ಲ, ನನ್ನ ಎಲ್ಲ್ಯಾರ ಮುಚ್ಚಿಡು ಅಂದ್ಳು. ಇಟ್ಟೆ."

"ಮತ್ತ ನಮಗ್ಯಾಕ ಹೇಳಲಿಲ್ಲ? ನಿಮ್ಮ ಹೆಂಡ್ತಿ ದವಾಖಾನಿಯೊಳಗ ಸಾವು ಬದುಕು ಅಂತ ಇದ್ಳು."

"ಮಾತ ತಗೊಂಡಿದ್ಳ್ರಿ. ಯಾರ ಮುಂದೂ ಹೇಳಬ್ಯಾಡ ಅಂತ. ಒಬ್ಬಾಕಿ ಅಂತೂ ಬಿದ್ದಾಳ, ಇನ್ನೊಬ್ಬಾಕೀನರ ಉಳಿಲಿ ಅನ್ಕೊಂಡೆ." ಅವನು ಮುಖ ಒರೆಸಿಕೊಂಡ. "ನಮಗ ಅಕಿ ಬಿಟ್ರ ಯಾರದಾರ?"

"ನೂಕಿದಾಂವ ಯಾರಂತ ಕೇಳಲಿಲ್ಲ?"

"ಕೇಳಿದೆ. ಕತ್ತಲಿತ್ತು, ಮುಖ ಕಾಣಲಿಲ್ಲ ಅಂದ್ಳು."

ಫರ್ಜಾನಾಗೆ ಒಂದು ಹೇಳಿಕೆ ನೆನಪಾಯಿತು. ರೇಷ್ಮಾಳನ್ನು ಮೊದಲು ಕಂಡವನು ಆಡು ಹೊಡೆದುಕೊಂಡು ಗುಡ್ಡ ಇಳಿಯುತ್ತಿದ್ದ ಮುಜಫ್ಫರ. ಆಗಿನ್ನೂ ಹೊತ್ತು ಮುಳುಗಿರಲಿಲ್ಲ. ರಕ್ತದ ಮೇಲೆ ಬಿಸಿಲು ಬಿದ್ದಿತ್ತು ಎಂದು ಅವನು ಹೇಳಿದ್ದ. ಕತ್ತಲಿತ್ತು ಎಂಬ ಸುಳ್ಳು ಯಾರದು? ದೇವಿಕಾಳದೋ, ಇವನದೋ?

"ಈಗ ಎಲ್ಲಿ ಅದಾಳ?"

"ಖರೇನ ಗೊತ್ತಿಲ್ರಿ. ನಿನ್ನೆ ಶಿವನಪ್ಪನ ಕಾಲ ತಗದ್ರು ಅನ್ನೂ ಸುದ್ದಿ ನಾನ ಅಕೀಗೆ ಹೇಳಿದೆ. ಊಟಾ ಮಾಡಲಿಲ್ಲ. ನನ್ನ ಸಲವಾಗಿ ಒಬ್ಬಾಂವನ ಕಾಲ ಹೋತು ಅಂತ ಗ್ವಾಡಿಗೆ ಮುಖಾ ಮಾಡಿ ಕುಂತ್ಳು. ಮುಂಜಾನೆ ಬುತ್ತಿ ತಂದ್ರ ಅಟ್ಟ ಖಾಲಿ."

"ನನ್ನ ಸಲವಾಗಿ ಅಂದ್ಳು?"

"ಹಂಗ ಅಂದ್ಳು."

ನೋಡಿದ್ದನ್ನು ಹೇಳದೆ ಬಚ್ಚಿಟ್ಟುಕೊಂಡ ಹುಡುಗಿ ಹಾಗೆ ಅನ್ನಬಹುದು. ಫರ್ಜಾನಾ ಹಾಗೇ ಅರ್ಥ ಮಾಡಿಕೊಂಡಳು. ಕಣ್ಣಾರೆ ಕಂಡವಳು ಒಬ್ಬಳಿದ್ದಾಳೆ, ಜೀವಂತ ಇದ್ದಾಳೆ. ತನಗಿಂತ ಮೊದಲು ರೇಷ್ಮಾಳನ್ನು ನೂಕಿದವನೇ ಅವಳನ್ನು ಹುಡುಕಿಬಿಟ್ಟರೆ ಎಂಬುದೊಂದೇ ಭಯ.

ಕನಕರಾಜನನ್ನು ಜೀಪಿನ ಹಿಂದೆ ಕೂರಿಸಿಕೊಂಡು ಅವರು ರೋಣಕ್ಕೆ ಹೊರಟರು. ದಾರಿಯಲ್ಲಿ ಅವನು ಒಂದೇ ಮಾತು ಆಡಿದ.

"ಆವತ್ತ ಗುಡ್ಡಕ್ಕ ಹೋಗೂ ಮುಂದ ರೇಷ್ಮಾ, ದೇವಿಕಾ ಇಬ್ಬರೂ ಭಾಳ ಜಗಳಾಡಿದ್ರಂತ್ರಿ. ಯಾವುದಕ್ಕಂತ ದೇವಿಕಾ ನನಗ ಹೇಳಲಿಲ್ಲ."

* * *

ದವಾಖಾನೆಗೆ ಬಂದಾಗ ಸಂಜೆಯಾಗಿತ್ತು. ಕನಕರಾಜನನ್ನು ಹೊರಗೆ ಜೀಪಿನಲ್ಲೇ ಕೂರಿಸಿದರು. ಶಂಕ್ರವ್ವ ಈಗ ಮಂಚದ ಎಡಕ್ಕೆ ಕೂತು ರೇಷ್ಮಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಫರ್ಜಾನಾ ಅವಳನ್ನು ಕೋಣೆಯ ಮೂಲೆಗೆ ಕರೆದು ಮೆಲ್ಲಗೆ ಹೇಳಿದಳು. "ನಿಮ್ಮ ಮಗಳ ಜೀವಂತ ಅದಾಳ, ಶಂಕ್ರವ್ವ. ನಿನ್ನೆ ತನಕ ನರಗುಂದದಾಗ ಇದ್ಳು."

ಶಂಕ್ರವ್ವ ತಲೆಯಾಡಿಸಿದಳು. ಅಳಲಿಲ್ಲ. ಎಲ್ಲಿ, ಹೇಗೆ ಎಂದು ಕೇಳಲೂ ಇಲ್ಲ. ದೇವರ ದಯೆ ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡಳು. ಇಷ್ಟು ದಿನ ಬಾಗಿಲು ಸದ್ದಾದರೆ ಮಗಳೇ ಬಂದಳೆಂದು ಎದ್ದು ನಿಲ್ಲುತ್ತಿದ್ದವಳು ಇವಳೇನಾ ಎಂದು ಫರ್ಜಾನಾಗೆ ಅನ್ನಿಸಿತು. ಅತ್ತು ಅತ್ತು ಬತ್ತಿರಬೇಕು ಎಂದುಕೊಂಡಳು.

ಡಾಕ್ಟರು ಎರಡೇ ಪ್ರಶ್ನೆಗೆ ಒಪ್ಪಿಗೆ ಕೊಟ್ಟರು.

ಫರ್ಜಾನಾ ತಕ್ತೆಯನ್ನು ರೇಷ್ಮಾಳ ನೇರಕ್ಕೆ ಹಿಡಿಯದೆ ಪೂರಾ ಎಡಕ್ಕೆ ಸರಿಸಿ ಹಿಡಿದಳು. ಕೊನೆಯ ಎಫ್, ಎಲ್, ಆರ್, ಎಕ್ಸ್ ಕೂಡ ಅವಳ ನೋಟದೊಳಗೆ ಬರುವಂತೆ.

"ನಿಮ್ಮ ಹೆಸರೇನ್ರಿ?"

ಬೆರಳು ಎದ್ದಿತು. ಆರ್. ಇ. ಎಸ್. ಎಚ್. ಎಂ. ಎ.

ಆರ್ ಸಿಕ್ಕಾಗ ರೇಷ್ಮಾಳ ಕಣ್ಣಲ್ಲಿ ನೀರು ತುಂಬಿತು. ಕಳೆದುಹೋಗಿದ್ದ ಅಕ್ಷರಗಳು ಇದ್ದ ಜಾಗದಲ್ಲೇ ಇದ್ದವು ಎಂಬುದು ಅವಳಿಗೆ ಈಗ ತಿಳಿದಿತ್ತು.

ಫರ್ಜಾನಾ ಬಾಗಿ ಸ್ಪಷ್ಟವಾಗಿ ಕೇಳಿದಳು. "ನಿಮ್ಮನ್ನ ಮೆಟ್ಟಲ ಮ್ಯಾಲಿಂದ ನೂಕಿದವರು ಯಾರು?"

ರೇಷ್ಮಾ ಬಹಳ ಹೊತ್ತು ಕಣ್ಣು ಮುಚ್ಚಿದಳು. ಗಂಟಲ ಕೊಳವೆಯಲ್ಲಿ ಉಸಿರು ಗೊರಗುಟ್ಟಿತು. ಮತ್ತೆ ಕಣ್ಣು ತೆರೆದು ಬೆರಳನ್ನು ಮೊದಲ ಸಾಲಿಗೆ ಒಯ್ದಳು.

ಡಿ.

"ಆ ಅಕ್ಷರ ನನಗ ಗೊತ್ತೈತ್ರಿ," ಎಂದಳು ಶಂಕ್ರವ್ವ ಹಿಂದಿನಿಂದ. "ಇಂಗ್ಲಿಷ್‌ನ್ಯಾಗ ನನಗ ಬರೂದು ಅದೊಂದ. ನನ್ನ ಮಗಳ ಹೆಸರಿಂದು."

ಇ. ವಿ.

ರಾಯಣ್ಣ ಬಾಗಿಲ ಬಳಿ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುವುದನ್ನು ನಿಲ್ಲಿಸಿದ. ಅವನೂ ಕೂಡಿಸಿ ಓದುತ್ತಿದ್ದ.

ಐ. ಕೆ. ಎ.

ಒಗೆದು ಮಡಚಿಟ್ಟ ಸೆರಗು. ಇಲ್ಲದ ಕತ್ತಲು. ನನ್ನ ಸಲವಾಗಿ. ಫರ್ಜಾನಾ ಬಯಸದಿದ್ದರೂ ಎಲ್ಲವೂ ತಾನಾಗಿಯೇ ಒಂದರ ಪಕ್ಕ ಒಂದು ಬಂದು ನಿಲ್ಲುತ್ತಿದ್ದವು.

"ದೇವಿಕಾ ಅಂದ್ರಲ್ರಿ?" ಶಂಕ್ರವ್ವನ ದನಿ ತಟ್ಟನೆ ಅರಳಿತು. ಫರ್ಜಾನಾ ಕೇಳಿದ ಪ್ರಶ್ನೆ ಅವಳಿಗೆ ಈಗ ನೆನಪಿನಲ್ಲೇ ಇರಲಿಲ್ಲ. "ಅಕೀನ್ನ ಕರ್ಯಾಕತ್ತಾರ. ತಡೀರಿ ಅಕ್ಕಾರ, ಬಂದಾಳ ಅಕಿ."

"ಏನಂದ್ರಿ?" ಎಂದಳು ಫರ್ಜಾನಾ.

"ತಪ್ಪ ತಿಳೀಬ್ಯಾಡ್ರಿ ಮೇಡಂ. ಮಧ್ಯಾಹ್ನನ ಬಂದಾಳ. ಮಾಳಿಗಿ ಮೆಟ್ಟಲದಾಗ ಕುಂದ್ರಿಸೇನಿ. ಯವ್ವಾ, ಅಕ್ಕಾರ ಮುಖಾ ಒಮ್ಮೆ ನೋಡ್ತೇನಿ, ಆಮ್ಯಾಲೆ ನೀನ ಪೊಲೀಸರಿಗೆ ಹೇಳು ಅಂದ್ಳು. ಇಷ್ಟೊತ್ತು ಧೈರ್ಯಾ ಆಗವಲ್ದು ಅಕೀಗೆ." ಹೇಳುತ್ತಲೇ ಅವಳು ರಾಯಣ್ಣನನ್ನು ದಾಟಿ ಹೊರಗೆ ಹೋದಳು. ಮೆಟ್ಟಿಲ ಬುಡದಲ್ಲಿ ಅವಳ ದನಿ ಕೇಳಿಸಿತು. "ಬಾರವ್ವಾ, ಅಕ್ಕಾರು ನಿನ್ನ ಹೆಸರ ಹೇಳ್ಯಾರ."

ಮೇಲಿನಿಂದ ಚಪ್ಪಲಿಯಿಲ್ಲದ ಕಾಲುಗಳು ಇಳಿಯತೊಡಗಿದವು.

ತಕ್ತೆಯ ಮೇಲೆ ಟಕ್ ಎಂದು ಸದ್ದಾಯಿತು. ಫರ್ಜಾನಾ ತಿರುಗಿದಳು. ರೇಷ್ಮಾಳ ಬೆರಳು ಇನ್ನೂ ಅಕ್ಷರಗಳ ಮೇಲಿತ್ತು. ಉಗುರು ರಟ್ಟಿಗೆ ಒತ್ತಿ ಬೆಳ್ಳಗಾಗಿತ್ತು.

ಎನ್.

ಓ.

ನೋ. ಬೇಡ, ಅವಳನ್ನು ಒಳಗೆ ಬಿಡಬೇಡಿ ಎಂದೇ? ಅಥವಾ ಶಬ್ದ ಇನ್ನೂ ಮುಗಿದಿಲ್ಲವೇ? ಮುಂದೆ ಒಂದು ಟಿ ಸೇರಿದರೆ ನಾಟ್, ದೇವಿಕಾ ಅಲ್ಲ ಎಂದಾಗುತ್ತದೆ. ಬೆರಳು ಓ ಬಿಟ್ಟು ಮೇಲೆದ್ದಿತ್ತು. ಕೆಳಗಿನ ಸಾಲಿನ ಕಡೆಗೆ ಹೊರಟು ಅರ್ಧದಲ್ಲಿ ನಡುಗುತ್ತ ನಿಂತಿತ್ತು.

"ಇನ್ನೊಂದ ಅಕ್ಷರರಿ," ಎಂದಳು ಫರ್ಜಾನಾ ಪಿಸುದನಿಯಲ್ಲಿ. "ಇನ್ನೊಂದ ಇದ್ರ ತೋರಸ್ರಿ."

ರೇಷ್ಮಾ ತಕ್ತೆಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣುಗಳು ಎಡಗಡೆಯ ಬಾಗಿಲ ಮೇಲೆ ನೆಟ್ಟಿದ್ದವು. ಅಲ್ಲಿ, ತಾಯಿಯ ಹೆಗಲ ಹಿಂದೆ, ದೇವಿಕಾ ಬಂದು ನಿಂತಿದ್ದಳು.